ಡಬ್ಬದ ಮೇಲೆ ಹನ್ನೆರಡು ಸಾವಿರ, ಒಳಗೆ ಎಷ್ಟು?

ಕಳೆದ ಸಲ ಊರಿಗೆ ಹೋದಾಗ ಅಕ್ಕನ ಮಗ ರಾತ್ರಿ ಊಟ ಆದ್ಮೇಲೆ ಪಕ್ಕದಲ್ಲಿ ಬಂದು ಕೂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ಮಾವ, ಗೇಮ್ ಆಡೋದು ಬಿಟ್ಬಿಡ್ತೀನಿ. ನನ್ ಕೈಯೇ ಸರಿ ಇಲ್ಲ."

ಹುಡುಗ ಹೊಳೆನರಸೀಪುರದಲ್ಲಿ ಪಿಯುಸಿ ಓದ್ತಿದ್ದಾನೆ. ಬೆಳಗ್ಗೆ ಎದ್ದು ಡೈರಿಗೆ ಹಾಲು ಹಾಕಿ ಬಂದು ಆಮೇಲೆ ಕಾಲೇಜಿಗೆ ಹೋಗೋನು. ನಾನು ಹಳೇದಾಯ್ತು ಅಂತ ಕೊಟ್ಟ ಲ್ಯಾಪ್‌ಟಾಪಿನಲ್ಲಿ ವ್ಯಾಲೊರಂಟ್ ಆಡ್ತಾನೆ. ಟಚ್‌ಪ್ಯಾಡಲ್ಲಿ ಆಡಿ ಆಡಿ ಸಾಕಾಗಿ, ಅವರಪ್ಪ ಹಾಲಿನ ದುಡ್ಡಲ್ಲಿ ಆಗಾಗ ಕೊಟ್ಟಿದ್ದನ್ನ ಕೂಡಿಟ್ಟು, 899 ರೂಪಾಯಿಗೆ ಆನ್‌ಲೈನಲ್ಲಿ ಒಂದು ಗೇಮಿಂಗ್ ಮೌಸು ತರಿಸಿದ್ದ. ಡಬ್ಬದ ಮೇಲೆ ದೊಡ್ಡದಾಗಿ 12,800 ಡಿಪಿಐ. ಏಳು ಬಣ್ಣದ ಲೈಟು. ನಾಲ್ಕು ಚಿಲ್ಲರೆ ಸ್ಟಾರ್ ರೇಟಿಂಗು. ಇಷ್ಟೆಲ್ಲಾ ಇದ್ದೂ ಗುರಿ ತಪ್ತಿತ್ತು. ಎದುರಾಳಿ ಕಂಡ ತಕ್ಷಣ ಮೌಸನ್ನ ಜೋರಾಗಿ ತಿರುಗಿಸಿದರೆ ಸ್ಕ್ರೀನು ನೆಲ ನೋಡ್ತಿತ್ತು, ಇಲ್ಲಾ ಆಕಾಶ ನೋಡ್ತಿತ್ತು. ಹನ್ನೆರಡು ಸಾವಿರದ ಮೌಸು ತಪ್ಪು ಮಾಡುತ್ತಾ? ತಪ್ಪು ತನ್ನ ಕೈದೇ ಅಂತ ತೀರ್ಮಾನ ಮಾಡ್ಕೊಂಡಿದ್ದ.

ನಂಗೆ ಕೋಪ ಬಂತು. ಹುಡುಗನ ಮೇಲಲ್ಲ. ಆ ಮೌಸಿನ ಬೆಲೆ ಕಮ್ಮಿ ಅಂತಲೂ ಅಲ್ಲ. ಹದಿನೇಳು ವರ್ಷದ ಹುಡುಗನಿಗೆ ತನ್ನ ಕೈ ಮೇಲೇ ಅನುಮಾನ ಬರೋ ಹಾಗೆ ಮಾಡಿದ ಆ ನಂಬರಿನ ಮೇಲೆ.

ಬೆಂಗಳೂರಿಗೆ ವಾಪಸ್ ಬಂದು ಆಫೀಸಿನಲ್ಲಿ ಊಟದ ಟೇಬಲ್ಲಿಗೆ ಈ ವಿಷಯ ಹಾಕಿದೆ. ಅಲ್ಲಿ ಸಿಕ್ಕ ಉತ್ತರ ಕೇಳಿ ಇನ್ನೊಂದು ಸಲ ಕೋಪ ಬಂತು. "ಬ್ರೋ, ಸಾವಿರ ರೂಪಾಯಿ ಒಳಗೆ ಗೇಮಿಂಗ್ ಮೌಸಾ? ಅದೆಲ್ಲ ಕಸ. ಒಂದ್ ಹತ್ತು ಸಾವಿರ ಹಾಕಿ ಒಳ್ಳೇದು ಕೊಡ್ಸು." ಹೇಳಿದೋನು ತಿಂಗಳಿಗೊಂದು ಸಲ ಆಡ್ತಾನೋ ಇಲ್ವೋ, ಅವನ ಮೇಜಿನ ಮೇಲೆ ಸೆಕೆಂಡಿಗೆ 8,000 ಸಲ ಲೆಕ್ಕ ಕಳಿಸೋ ಮೌಸು ಇದೆ. ಅದರಲ್ಲಿ ಅವನು ಮಾಡೋದು ಎಕ್ಸೆಲ್ ಶೀಟ್ ಎಳೆಯೋ ಕೆಲಸ.

ಈ ಲೇಖನ ಇಬ್ಬರ ಮೇಲೂ. ಅಗ್ಗದ ಡಬ್ಬದ ಮೇಲೆ ಸುಳ್ಳು ಬರೆಯೋರ ಮೇಲೆ, ಮತ್ತೆ ಅಗ್ಗ ಅಂದ್ರೇ ಕಸ ಅನ್ನೋ ನಮ್ಮ ಮೇಲೆ. ಇಬ್ಬರೂ ಮಾಡ್ತಿರೋದು ಒಂದೇ ಕೆಲಸ: ಅಳೆಯೋದನ್ನ ತಪ್ಪಿಸೋದು.

ಮೊದಲು ಈ ಡಿಪಿಐ ಅಂದ್ರೆ ಏನು ಅಂತ ಬಿಡಿಸಿ ನೋಡೋಣ. ನಮ್ಮ ಕಾಲದ ಸೈಬರ್ ಸೆಂಟರ್ ಮೌಸು ನೆನಪಿದೆಯಾ? ತಿರುಗಿಸಿದರೆ ಹೊಟ್ಟೆಯಲ್ಲಿ ರಬ್ಬರ್ ಗುಂಡು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ 1.6 ಆಡೋಕೆ ಕೂತರೆ ಮೊದಲ ಐದು ನಿಮಿಷ ಗುಂಡು ತೆಗೆದು, ಒಳಗಿನ ರೋಲರಿಗೆ ಮೆತ್ತಿದ್ದ ಕೊಳೆಯನ್ನ ಉಗುರಲ್ಲಿ ಕೆರೆಯೋದೇ ಆಗ್ತಿತ್ತು. ಡಗ್ಲಸ್ ಎಂಗಲ್‌ಬಾರ್ಟ್ ಅನ್ನೋ ಅಮೆರಿಕದ ಎಂಜಿನಿಯರ್ 1968ರ ಡಿಸೆಂಬರ್ 9ರಂದು ಮೌಸನ್ನ ಮೊದಲ ಸಲ ಜನರ ಮುಂದೆ ಪ್ರದರ್ಶನ ಮಾಡಿದಾಗ ಗುಂಡೂ ಇರಲಿಲ್ಲ, ಕೆಳಗೆ ಎರಡು ಚಕ್ರ ಇದ್ದವು. ಗುಂಡು ಬಂದಿದ್ದು ಆಮೇಲೆ. 1999ರಲ್ಲಿ ಮೈಕ್ರೋಸಾಫ್ಟಿನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದ ಮೇಲೆ ಆ ಗುಂಡೂ ನಿಧಾನಕ್ಕೆ ಹೋಯ್ತು. ಈಗ ಮೌಸಿನ ಹೊಟ್ಟೆಯಲ್ಲಿರೋದು ಒಂದು ಸಣ್ಣ ಕ್ಯಾಮೆರಾ. ಒಂದು ದೀಪ ಮೇಜಿನ ಮೇಲ್ಮೈಯನ್ನ ಬೆಳಗುತ್ತೆ, ಕ್ಯಾಮೆರಾ ಸೆಕೆಂಡಿಗೆ ಸಾವಿರಾರು ಸಣ್ಣ ಸಣ್ಣ ಚಿತ್ರ ತೆಗೆಯುತ್ತೆ, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಎಷ್ಟು ಜರುಗಿದೆ ಅಂತ ಒಳಗಿನ ಚಿಪ್ಪು ಲೆಕ್ಕ ಹಾಕುತ್ತೆ. ಮೌಸು ಒಂದು ಇಂಚು ಸರಿದಾಗ ಎಷ್ಟು ಎಣಿಕೆ ಕಂಪ್ಯೂಟರಿಗೆ ಹೋಗುತ್ತೋ ಅದೇ ಡಿಪಿಐ. 800 ಡಿಪಿಐ ಅಂದ್ರೆ ಇಂಚಿಗೆ 800 ಎಣಿಕೆ. ಇಷ್ಟೇ ಕಥೆ.

ಈಗ ಲೆಕ್ಕ ಮಾಡಿ. ಸ್ಕ್ರೀನು ಅಡ್ಡಕ್ಕೆ 1,920 ಪಿಕ್ಸೆಲ್ ಇದ್ದರೆ, 800 ಡಿಪಿಐನಲ್ಲಿ ಆ ತುದಿಯಿಂದ ಈ ತುದಿಗೆ ಬರೋಕೆ ಮೌಸು 2.4 ಇಂಚು, ಅಂದ್ರೆ ಸುಮಾರು 6 ಸೆಂಟಿಮೀಟರ್ ಸರಿಯಬೇಕು. ಹದವಾಗಿದೆ. ಅದೇ 12,800ರಲ್ಲಿ? ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಉಸಿರು ಜೋರಾಗಿ ಬಿಟ್ಟರೆ ಬಾಣ ಸ್ಕ್ರೀನಿನ ಆಚೆ. ದುಡ್ಡಿಗೆ ಆಡೋ ವೃತ್ತಿಪರ ಶೂಟಿಂಗ್ ಆಟಗಾರರಲ್ಲಿ ಬಹಳ ಜನ ಇಟ್ಟುಕೊಳ್ಳೋದು 400, 800, ಹೆಚ್ಚಂದ್ರೆ 1,600. ಅವರ ದುಬಾರಿ ಮೌಸಿನಲ್ಲೂ ದೊಡ್ಡ ನಂಬರು ಸುಮ್ಮನೆ ಬಿದ್ದಿರುತ್ತೆ. ಹಾಗಾದ್ರೆ ಡಬ್ಬದ ಮೇಲೆ 12,800 ಯಾಕೆ? ಪಕ್ಕದ ಡಬ್ಬದ ಮೇಲೆ 10,000 ಇದೆ ಅಂತ. ಬೇರೆ ಕಾರಣ ಇಲ್ಲ.

ಬೇಡದ ನಂಬರಾದರೂ ನಿಜವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಮಾರನೇ ದಿನ ನಾನೂ ಅವನೂ ಜಾಮಿಟ್ರಿ ಬಾಕ್ಸಿನ ಸ್ಕೇಲು ತಗೊಂಡು ಕೂತ್ವಿ. ವಿಂಡೋಸಿನ ಮೌಸ್ ಸೆಟ್ಟಿಂಗಿನಲ್ಲಿ ವೇಗದ ಕಡ್ಡಿಯನ್ನ ಸರಿಯಾಗಿ ಮಧ್ಯಕ್ಕೆ ಇಟ್ವಿ. 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್' ಅಂತ ಒಂದು ಟಿಕ್ ಇರುತ್ತೆ, ಹೆಸರು ಕೇಳಿ ಮೋಸ ಹೋಗಬೇಡಿ, ಅದು ಕೈ ವೇಗ ನೋಡಿ ದೂರವನ್ನ ಹಿಗ್ಗಿಸೋ ಕುಗ್ಗಿಸೋ ಆಟ, ಅದನ್ನ ತೆಗೆದ್ವಿ. ಈಗ ಒಂದು ಎಣಿಕೆಗೆ ಒಂದು ಪಿಕ್ಸೆಲ್. ಪೇಂಟ್ ತೆರೆದರೆ ಬಾಣ ಎಲ್ಲಿದೆ ಅಂತ ಕೆಳಗೆ ನಂಬರು ತೋರಿಸುತ್ತೆ.

ಲ್ಯಾಪ್‌ಟಾಪಿನ ಸ್ಕ್ರೀನು 1,366 ಪಿಕ್ಸೆಲ್ ಅಗಲ. ಮೌಸಿನ ಅತಿ ಹೆಚ್ಚಿನ ಸೆಟ್ಟಿಂಗಿನಲ್ಲಿ, ಡಬ್ಬದ ಮಾತು ನಿಜವಾದರೆ, ಮೂರು ಮಿಲಿಮೀಟರ್ ಒಳಗೆ ಬಾಣ ಈ ಕಡೆಯಿಂದ ಆ ಕಡೆ ಮುಟ್ಟಬೇಕು. ಮುಟ್ಟಿದ್ದು ಹನ್ನೊಂದು ಮಿಲಿಮೀಟರಿಗೆ. ನಾಲ್ಕೈದು ಸಲ ಮಾಡಿದ್ವಿ, ಅಷ್ಟೇ. ಅಂದ್ರೆ ಸುಮಾರು 3,200. ಬರೆದಿದ್ದರಲ್ಲಿ ಕಾಲು ಭಾಗ.

ಆಮೇಲೆ ಮೌಸನ್ನ ಇಂಚಿಂಚೇ, ಕೂದಲೆಳೆಯಷ್ಟು ಸರಿಸುತ್ತಾ ಪೇಂಟಿನ ನಂಬರು ನೋಡಿದ್ವಿ. 412, 414, 416, 418. ಬೆಸ ಸಂಖ್ಯೆ ಬರ್ತಾನೇ ಇಲ್ಲ. ಹುಡುಗ ನನಗಿಂತ ಮುಂಚೆ ಹಿಡಿದ: "ಮಾವ, ಇದು ಎರಡರಿಂದ ಗುಣಿಸಿ ಕಳಿಸ್ತಿದೆ!" ಹೌದು. ಕ್ಯಾಮೆರಾ ನೋಡ್ತಿರೋದು ಇಂಚಿಗೆ 1,600. ಚಿಪ್ಪು ಅದನ್ನ ಡಬಲ್ ಮಾಡಿ 3,200 ಅಂತ ಹೇಳ್ತಿದೆ. ಡಬ್ಬ ಅದನ್ನೂ ನಾಲ್ಕರಿಂದ ಗುಣಿಸಿ 12,800 ಅಂತ ಕೂಗ್ತಿದೆ.

ನಮ್ಮೂರಲ್ಲಿ ಇದಕ್ಕೆ ಒಂದು ಹೆಸರಿದೆ: ಹಾಲಿಗೆ ನೀರು. ಲೀಟರ್ ಜಾಸ್ತಿ ಆಗುತ್ತೆ, ಬೆಣ್ಣೆ ಜಾಸ್ತಿ ಆಗಲ್ಲ. ಹುಡುಗನಿಗೆ ಇದನ್ನ ಬಿಡಿಸಿ ಹೇಳಬೇಕಾಗಲಿಲ್ಲ. ದಿನಾ ಡೈರಿಯ ಮುಂದೆ ಕ್ಯಾನ್ ಹಿಡಿದು ನಿಲ್ಲೋನು. ಅಲ್ಲಿ ಸ್ಯಾಂಪಲ್ ತೆಗೀತಾರೆ, ಮೆಷಿನ್ನಿಗೆ ಹಾಕ್ತಾರೆ. ಫ್ಯಾಟು 3.5, ಎಸ್‌ಎನ್‌ಎಫ್ 8.5 ಬರಲಿಲ್ಲವೋ, ಕೇಳೋ ಮಾತೇ ಇಲ್ಲ. ಅದು ಸರಿ, ಇರಬೇಕು. ಆದ್ರೆ ನೋಡಿ, ಹಳ್ಳಿಯೋನು ಹಾಕೋ ಹಾಲಿಗೆ ದಿನಕ್ಕೆರಡು ಹೊತ್ತು ಟೆಸ್ಟು. ಆ ಹಾಲಿನ ದುಡ್ಡಲ್ಲಿ ಅವನು ತಂದ ಮೌಸಿಗೆ ಒಂದು ಟೆಸ್ಟೂ ಇಲ್ಲ. ಅವನು ಮಾರುವಾಗ ಅಳೀತೀವಿ, ಅವನು ಕೊಳ್ಳುವಾಗ ನಂಬು ಅಂತೀವಿ.

ಇಲ್ಲಿ ಕೆಲವರು ಹೇಳ್ತಾರೆ, "ಒಂಬೈನೂರು ರೂಪಾಯಿಗೆ ಇನ್ನೇನ್ ಸಿಗುತ್ತೆ ಸ್ವಾಮಿ, ಅಷ್ಟಕ್ಕೆ ಅಷ್ಟೇ." ಈ ವಾದಕ್ಕೆ ಬುಡವಿಲ್ಲ. ಕಮ್ಮಿ ದುಡ್ಡಿಗೆ ಕಮ್ಮಿ ವಸ್ತು ಬರಲಿ, ಒಪ್ಪೋಣ. ತಂತಿ ಗಡುಸಾಗಿರಲಿ, ಪ್ಲಾಸ್ಟಿಕ್ಕು ಒತ್ತಿದರೆ ಕಿರ್ ಅನ್ನಲಿ. ಅದು ಬೆಲೆಯ ಮಾತು. ನಿಜ ಬರೆಯೋಕೆ ಏನು ಖರ್ಚು? 12,800 ಅಂತ ಅಚ್ಚು ಹಾಕೋಕೆ ಎಷ್ಟು ಮಸಿ ಬೇಕೋ 1,600 ಅಂತ ಹಾಕೋಕೆ ಅದಕ್ಕಿಂತ ಕಮ್ಮಿ ಮಸಿ ಸಾಕು. ಲಾಜಿಟೆಕ್ ಬಿ100 ಅಂತ ನಿಮ್ಮ ಬ್ಯಾಂಕಿನಲ್ಲೋ ತಾಲ್ಲೂಕು ಆಫೀಸಿನಲ್ಲೋ ನೋಡಿರ್ತೀರಲ್ಲ, ಆ ಸಾದಾ ಕರಿ ಮೌಸು, ಅದು ಇನ್ನೂ ಅಗ್ಗ. ತನ್ನನ್ನ 800 ಅಂತ ಹೇಳಿಕೊಳ್ಳುತ್ತೆ, ಸುಮ್ಮನೆ ಕೆಲಸ ಮಾಡುತ್ತೆ. ಅಗ್ಗದ ವಸ್ತುವೂ ಮರ್ಯಾದೆಯಿಂದ ಇರಬಹುದು.

ಇನ್ನು ನೆಲ, ಆಕಾಶ ನೋಡೋ ಸಮಸ್ಯೆ. ಅದಕ್ಕೂ ಡಿಪಿಐಗೂ ಸಂಬಂಧವೇ ಇಲ್ಲ. ಅದು ಇನ್ನೊಂದು ನಂಬರಿನ ಕೆಲಸ. ಕ್ಯಾಮೆರಾ ಎಷ್ಟು ವೇಗದವರೆಗೆ ಮೇಲ್ಮೈಯನ್ನ ಹಿಂಬಾಲಿಸಬಲ್ಲದು ಅನ್ನೋದಕ್ಕೆ ಒಂದು ಮಿತಿ ಇದೆ, ಸೆಕೆಂಡಿಗೆ ಇಷ್ಟು ಇಂಚು ಅಂತ. ಆಫೀಸ್ ಮೌಸಿನ ಸಾಮಾನ್ಯ ಸೆನ್ಸರ್‌ಗಳಲ್ಲಿ ಇದು 30 ಇಂಚಿನ ಆಸುಪಾಸು. ತೈವಾನಿನ ಪಿಕ್ಸ್‌ಆರ್ಟ್ ಕಂಪನಿಯ 3360 ಅನ್ನೋ ಹೆಸರಾಂತ ಗೇಮಿಂಗ್ ಸೆನ್ಸರಿನಲ್ಲಿ 250 ಇಂಚು. ವ್ಯತ್ಯಾಸ ನೋಡಿ. ಕಮ್ಮಿ ಸೆನ್ಸಿಟಿವಿಟಿ ಇಟ್ಟು ಆಡೋನು ಕೈಯನ್ನ ಒಂದಡಿ ದೂರ ಕಾಲು ಸೆಕೆಂಡಿನಲ್ಲಿ ಎಳೆದರೆ ಅದು ಸೆಕೆಂಡಿಗೆ 48 ಇಂಚು. 30ರ ಸೆನ್ಸರು ಅಲ್ಲಿ ಕೈಚೆಲ್ಲುತ್ತೆ. ಎರಡು ಚಿತ್ರದ ನಡುವೆ ಎಷ್ಟು ಸರಿದಿದೆ ಅಂತ ಗೊತ್ತಾಗದೆ ಏನೋ ಒಂದು ಎಣಿಕೆ ಕಳಿಸುತ್ತೆ. ಆಟದಲ್ಲಿ ಅದೇ ನೆಲ, ಅದೇ ಆಕಾಶ.

ನಮ್ಮ ಹುಡುಗ ಯೂಟ್ಯೂಬ್ ನೋಡಿ, ದೊಡ್ಡ ಆಟಗಾರರ ಹಾಗೆ ಕಮ್ಮಿ ಸೆನ್ಸಿಟಿವಿಟಿ ಇಟ್ಟುಕೊಂಡಿದ್ದ. ಅವರ ಸೆನ್ಸರು ಎಳೆತ ತಡ್ಕೊಳ್ಳುತ್ತೆ, ಇವನದು ತಡ್ಕೊಳ್ಳಲ್ಲ. ಸರಿಯಾಗಿ ಕಲಿತ ಕೈಯೇ ಇವನಿಗೆ ಮುಳುವಾಗಿತ್ತು! ಮುಖ್ಯವಾದ ಆ ನಂಬರು ಡಬ್ಬದ ಮೇಲೆ ಎಲ್ಲೂ ಇಲ್ಲ. ತಿರುಗಿಸಿ ಮುರುಗಿಸಿ ನೋಡಿದೆ, ಬೆಂಕಿ ಉಗುಳೋ ಡ್ರ್ಯಾಗನ್ ಇತ್ತು, ಅದಿರಲಿಲ್ಲ.

ಈಗ ನಮ್ಮ ಊಟದ ಟೇಬಲ್ಲಿನ ಸ್ನೇಹಿತರ ಕಡೆ ತಿರುಗ್ತೀನಿ. ನೀವು ಹೇಳೋ ಹತ್ತು ಸಾವಿರದ ಮೌಸು ಆ ಲ್ಯಾಪ್‌ಟಾಪಿನಲ್ಲಿ ಏನು ಮಾಡುತ್ತೆ? ಸಾದಾ ಮೌಸು ಸೆಕೆಂಡಿಗೆ 125 ಸಲ, ಅಂದ್ರೆ 8 ಮಿಲಿಸೆಕೆಂಡಿಗೊಂದು ಸಲ ಕಂಪ್ಯೂಟರಿಗೆ ವರದಿ ಕೊಡುತ್ತೆ. ಗೇಮಿಂಗ್ ಮೌಸು 1,000 ಸಲ, ಅಂದ್ರೆ 1 ಮಿಲಿಸೆಕೆಂಡಿಗೊಂದು. ಇದು ಒಳ್ಳೇದೇ, ಇರಲಿ. 8,000 ಸಲದ್ದು ಅದಕ್ಕಿಂತ ಮುಂದೆ. ಆದ್ರೆ ಅವನ ಸ್ಕ್ರೀನು 60 ಹರ್ಟ್ಜ್. ಹೊಸ ಚಿತ್ರ ಬರೋದೇ 16.7 ಮಿಲಿಸೆಕೆಂಡಿಗೊಂದು ಸಲ. ನಮ್ಮೂರ ಲೈನಿನಿಂದ ಆಟದ ಸರ್ವರಿಗೆ ಹೋಗಿ ಬರೋಕೆ ಒಳ್ಳೇ ದಿನ 40 ಮಿಲಿಸೆಕೆಂಡ್, ಮಳೆ ಬಂದ ದಿನ ದೇವರೇ ಗತಿ. ಇದರ ಮಧ್ಯೆ 1 ಮಿಲಿಸೆಕೆಂಡನ್ನ ಇನ್ನೂ ಎಂಟು ಚೂರು ಮಾಡೋಕೆ ಹತ್ತು ಸಾವಿರ ಸುರಿ ಅನ್ನೋದು ಸಲಹೆ ಅಲ್ಲ, ಸಂಬಳದ ಸೊಕ್ಕು. ಡ್ರ್ಯಾಗನ್ ಡಬ್ಬದೋರು ಅವನನ್ನ ನಂಬರಿನಿಂದ ಹೆದರಿಸಿದರು, ನೀವು ಬೆಲೆಯಿಂದ ಹೆದರಿಸ್ತಿದ್ದೀರಿ.

ಅವನ ಆಟಕ್ಕೆ ಬೇಕಾಗಿರೋದು ಇಷ್ಟು: ಎಳೆತ ತಡೆಯೋ ಸೆನ್ಸರು, ಸೆಕೆಂಡಿಗೆ 500 ಅಥವಾ 1,000 ವರದಿ, ಕೈಗೆ ಭಾರವಾಗದ ತೂಕ, ಒಂದು ಕ್ಲಿಕ್ಕಿಗೆ ಒಂದೇ ಕ್ಲಿಕ್ ಕೊಡೋ ಗುಂಡಿ. ಇದೆಲ್ಲ ಎರಡು ಸಾವಿರದೊಳಗೇ ಸಿಗುತ್ತೆ. ಉದಾಹರಣೆಗೆ ಲಾಜಿಟೆಕ್ ಜಿ102: 85 ಗ್ರಾಂ, 8,000 ಡಿಪಿಐವರೆಗೆ, ಸೆಕೆಂಡಿಗೆ 1,000 ವರದಿ. ವರ್ಷಗಳಿಂದ ಜನ ಅಳೆದು ನೋಡಿರೋ ಮೌಸು. ಅದೇ ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಅಗ್ಗ ಅನ್ನೋ ಒಂದು ಪದದ ಒಳಗೆ ಎಷ್ಟು ಥರದ ವಸ್ತು ಇದೆ ಅಂತ ತೋರಿಸೋಕೆ ಹೇಳಿದೆ.

"ಗೇಮ್ ಯಾಕೆ, ಓದ್ಲಿ" ಅನ್ನೋರೂ ಇದ್ದಾರೆ. ನಮ್ಮ ಭಾವನೇ ಅಂದ್ರು. ಅವರ ಭಯ ನಂಗೆ ಅರ್ಥ ಆಗುತ್ತೆ, ರಮ್ಮಿ ಆ್ಯಪಿನಲ್ಲಿ ದುಡ್ಡು ಕಳ್ಕೊಂಡೋರ ಸುದ್ದಿ ಯಾವ ಊರಲ್ಲಿಲ್ಲ? ಆದ್ರೆ ಆ ಎರಡನ್ನ ಸರ್ಕಾರವೇ ಬೇರೆ ಮಾಡಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡೋ ಆಟಗಳನ್ನ ನಿಷೇಧಿಸಿ, ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಡ್ತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸಿನಲ್ಲಿ ಇ-ಸ್ಪೋರ್ಟ್ಸಿಗೆ ಪದಕ ಇತ್ತು. ಅಕ್ಕನ ಮಗ ಪದಕ ತರ್ತಾನೆ ಅಂತಲ್ಲ. ಬಯಲಲ್ಲಿ ಕ್ರಿಕೆಟ್ ಆಡೋ ಹುಡುಗರೆಲ್ಲ ರಣಜಿ ಆಡ್ತಾರಾ? ಆದ್ರೂ ಬ್ಯಾಟಿನೊಳಗೆ ಗೆದ್ದಲು ಹಿಡಿದಿದ್ದರೆ ಹೇಳಿ ಮಾರಬೇಕು ತಾನೇ.

ಹಾಗಾದ್ರೆ ಕಾನೂನು ಇಲ್ವಾ? ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವಿನ ಬಗ್ಗೆ ಸುಳ್ಳು ವಿವರ ಕೊಡೋ ಜಾಹೀರಾತು ದಾರಿ ತಪ್ಪಿಸೋ ಜಾಹೀರಾತೇ. ಅದಕ್ಕೆ ಹತ್ತು ಲಕ್ಷದವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ಹಾಕೋ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕಿದೆ. ದೂರು ಹೇಳೋಕೆ 1915 ಅನ್ನೋ ಸಹಾಯವಾಣಿ ಇದೆ. ಆನ್‌ಲೈನ್ ರಿವ್ಯೂ ಹೇಗಿರಬೇಕು ಅಂತ ಬಿಐಎಸ್ 2022ರಲ್ಲಿ ಐಎಸ್ 19000 ಅನ್ನೋ ಮಾನದಂಡವನ್ನೇ ಮಾಡಿತು. ಆದ್ರೆ ಅದನ್ನ ತಂದಾಗ ಕಡ್ಡಾಯ ಮಾಡಲಿಲ್ಲ, ಇಷ್ಟ ಇದ್ದರೆ ಪಾಲಿಸಿ ಅಂತ ಬಿಟ್ಟರು. ಇನ್ನು 899 ರೂಪಾಯಿಗೆ ಯಾರು ದೂರು ಕೊಡ್ತಾರೆ? ಕೊಡಬೇಕು ಅಂದ್ರೂ ಸುಳ್ಳು ಅಂತ ಸಾಬೀತು ಮಾಡೋಕೆ ಮೊದಲು ಅಳೆಯೋದು ಗೊತ್ತಿರಬೇಕು. ಗೊತ್ತಾಗೋ ಹೊತ್ತಿಗೆ ವಾಪಸ್ ಕೊಡೋ ಏಳು ದಿನ ಮುಗಿದಿರುತ್ತೆ. ಹುಡುಗನದೂ ಮುಗಿದಿತ್ತು.

ಅದಕ್ಕೇ ಈ ಕೆಲಸ ನಮ್ಮದು. ನಮ್ಮದು ಅಂದ್ರೆ ಓದ್ತಾ ಇರೋ ನಿಮ್ಮದೂ, ಬರೀತಾ ಇರೋ ನನ್ನದೂ. ನಾನೂ ಸಾಚಾ ಅಲ್ಲ. ಇಷ್ಟು ವರ್ಷದಲ್ಲಿ ನೂರಾರು ಸಾಮಾನು ತರಿಸಿದ್ದೀನಿ, ರಿವ್ಯೂ ಬರೆದಿದ್ದು ಎರಡೋ ಮೂರೋ. ಅದೂ "ಗುಡ್ ಪ್ರಾಡಕ್ಟ್, ಫಾಸ್ಟ್ ಡೆಲಿವರಿ". ಅಲ್ಲ, ಡೆಲಿವರಿ ಬೇಗ ಬಂದಿದ್ದಕ್ಕೂ ಮೌಸು ಚೆನ್ನಾಗಿರೋದಕ್ಕೂ ಏನು ಸಂಬಂಧ? ಹೊಳೆನರಸೀಪುರದ ಹುಡುಗ ಕೊಳ್ಳೋ ಮುಂಚೆ ನೋಡಿದ ನಾಲ್ಕು ಚಿಲ್ಲರೆ ಸ್ಟಾರಿನಲ್ಲಿ ನಮ್ಮಂಥ ಸೋಮಾರಿಗಳು ಒತ್ತಿದ ಸ್ಟಾರು ಎಷ್ಟಿದೆಯೋ.

ಪ್ರತಿ ವರ್ಷ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಬರುತ್ತೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗ್ತಿದ್ದೆ. ಅಪ್ಪ ಮೂಟೆ ಮೇಲಿನ ಚೀಟಿ ಓದಿದ್ದನ್ನ ನಾನು ನೋಡಿಲ್ಲ. ಮೂಟೆ ಬಾಯಿ ಬಿಚ್ಚಿಸಿ, ತಳದಿಂದ ಒಂದು ಗಡ್ಡೆ ಎಳೆದು, ಕುಯ್ದು ಒಳಗೆ ಕಂದು ಬಣ್ಣ ಇದೆಯಾ ನೋಡೋರು. ಕಣ್ಣು ಎಷ್ಟಿದೆ ಎಣಿಸೋರು. ಆಮೇಲೆ ಪಕ್ಕದಲ್ಲಿ ನಿಂತ ಇನ್ನೊಬ್ಬ ರೈತನಿಗೆ ಕೇಳೋ ಹಾಗೆ ಹೇಳೋರು: "ಇದು ಬ್ಯಾಡ ಕಣಣ್ಣ, ಒಳಗೆ ಕೆಟ್ಟದೆ." ಆ ರೈತ ಯಾರೋ ಏನೋ. ಆದ್ರೂ ಹೇಳೋರು. ಅಂಗಮಾರಿ ಬಂದು ಹೊಲಗಟ್ಟಲೆ ಹೋಗಿದ್ದನ್ನ ನೋಡಿದ ಜನ, ಬೇರೆಯವರ ಬಿತ್ತನೆ ಕೆಟ್ಟರೆ ತಮ್ಮ ಹೊಲಕ್ಕೂ ಬರುತ್ತೆ ಅಂತ ಗೊತ್ತಿತ್ತು.

ರಿವ್ಯೂ ಅಂದ್ರೆ ಅದು. ಕುಯ್ದು ನೋಡೋದು, ಪಕ್ಕದೋನಿಗೆ ಹೇಳೋದು.

ಮೌಸು ಕುಯ್ಯೋಕೆ ಹತ್ತು ನಿಮಿಷ ಸಾಕು. ಸ್ಕೇಲು ಇಟ್ಟು ಡಿಪಿಐ ಅಳೆಯಿರಿ. ನಿಧಾನಕ್ಕೆ ಸರಿಸಿ ನಂಬರು ಹಾರುತ್ತಾ ನೋಡಿ. ಪೇಂಟಿನಲ್ಲಿ ಓರೆ ಗೆರೆ ಎಳೆಯಿರಿ, ನೀವು ಡೊಂಕು ಎಳೆದಿದ್ದನ್ನ ಅದು ತಾನಾಗೇ ನೆಟ್ಟಗೆ ಮಾಡ್ತಿದ್ದರೆ ಆಟಕ್ಕೆ ಆಗಲ್ಲ. ಮೌಸನ್ನ ಒಂದು ಕಡೆಯಿಂದ ಜೋರಾಗಿ ಎಳೆದು, ನಿಧಾನಕ್ಕೆ ಅದೇ ಜಾಗಕ್ಕೆ ತನ್ನಿ, ಬಾಣ ಹೊರಟ ಜಾಗಕ್ಕೆ ಬರದಿದ್ದರೆ ಸೆನ್ಸರು ದಾರಿ ತಪ್ಪಿದೆ ಅಂತ. ಈ ಪರೀಕ್ಷೆ ಮಾಡುವಾಗ ಬಾಣ ಸ್ಕ್ರೀನಿನ ಅಂಚಿಗೆ ಬಡಿಯದಂತೆ ಡಿಪಿಐ ಕಮ್ಮಿ ಇಟ್ಟುಕೊಳ್ಳಿ. ಒಂದು ಫೋಲ್ಡರ್ ಮೇಲೆ ಬಿಡಿಬಿಡಿಯಾಗಿ ನೂರು ಸಲ ಒಂದೊಂದೇ ಕ್ಲಿಕ್ ಮಾಡಿ, ಅದು ಒಂದು ಸಲ ತಾನಾಗೇ ತೆರೆದುಕೊಂಡರೂ ಗುಂಡಿ ಎರಡು ಸಲ ಬಡೀತಿದೆ ಅಂತ ಅರ್ಥ. ಇದೇ ಕ್ಲಿಕ್ ಪರೀಕ್ಷೆಯನ್ನ ಆರು ತಿಂಗಳು ಬಿಟ್ಟು ಇನ್ನೊಂದು ಸಲ ಮಾಡಿ. ಬಂದಿದ್ದನ್ನ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ನಂಬರು ಹಾಕಿ ಬರೆಯಿರಿ.

ಹುಡುಗನ ಕಥೆ ಎಲ್ಲಿಗೆ ಬಂತು ಅಂತ ಹೇಳಿ ಮುಗಿಸ್ತೀನಿ. ಹೊಸ ಮೌಸು ಕೊಡಿಸ್ತೀನಿ ಅಂದೆ, ಬೇಡ ಅಂದ. ಮೌಸನ್ನ 1,600ಕ್ಕೆ ಇಟ್ಟು, ಆಟದ ಒಳಗಿನ ಸೆನ್ಸಿಟಿವಿಟಿ ಜಾಸ್ತಿ ಮಾಡಿದ್ವಿ. ಒಂದಡಿ ಎಳೀಬೇಕಾದಲ್ಲಿ ಈಗ ಅರ್ಧ ಅಡಿ ಸಾಕು, ಸೆನ್ಸರಿನ ಮಿತಿ ದಾಟೋದು ಅಪರೂಪ. ನುಣ್ಣನೆ ಗ್ಲಾಸಿನ ಮೇಜಿನ ಮೇಲೆ ಆಡ್ತಿದ್ದ, ಅಕ್ಕನ ಹಳೇ ಬಟ್ಟೆಯೊಂದನ್ನ ಬಿಗಿಯಾಗಿ ಎಳೆದು ಕಟ್ಟಿದ್ವಿ. ಮೊದಲ ಎರಡು ದಿನ ಹೊಸ ವೇಗಕ್ಕೆ ಕೈ ಒಗ್ಗದೆ ಒದ್ದಾಡಿದ. ಮೂರನೇ ವಾರ ಫೋನ್ ಮಾಡಿದ. ಗೆದ್ದೆ ಅಂತ ಹೇಳೋಕಲ್ಲ. ಕ್ಲಾಸಿನ ಇಬ್ಬರು ಅದೇ ಮೌಸು ತಗೊಳ್ಳೋಕೆ ಹೊರಟಿದ್ದರಂತೆ, ಅವರನ್ನ ಕೂರಿಸಿ ಸ್ಕೇಲು ಹಿಡಿದು ತೋರಿಸಿದನಂತೆ.

ಡಬ್ಬ ಇನ್ನೂ ಅವನ ಶೆಲ್ಫಿನ ಮೇಲೇ ಇದೆ. 12,800 ಅನ್ನೋದನ್ನ ಪೆನ್ನಿನಿಂದ ಹೊಡೆದು ಹಾಕಿ, ಪಕ್ಕದಲ್ಲಿ 1,600 ಅಂತ ಬರೆದಿದ್ದಾನೆ.